ಅಪ್ಪ ತೋರಿಸಿದ ಗೂಟ

ಜಗಳವೆಂದರೆ ನಮ್ಮ ಮನೆಯದು. ಬೇರೆಯವರ ಮನೆಗಳಲ್ಲಿ ನಡೆಯುವುದು ಬರೀ ಗೊಣಗಾಟ. ನನ್ನ ಇಬ್ಬರು ಭಾವಂದಿರು ಹಿತ್ತಲಿನಲ್ಲಿ ನಿಂತು ಒಬ್ಬರನ್ನೊಬ್ಬರು ಬೈಯಲು ಶುರುಮಾಡಿದರೆ ಮೂರು ಬೀದಿಯಾಚೆ ಒಲೆಯ ಮೇಲಿದ್ದ ಹಾಲು ಒಡೆಯುತ್ತಿತ್ತು. ನಮ್ಮ ನಿಲ್ದಾಣದಲ್ಲಿ ಇಳಿಯಬೇಕಾದವರು ಮುಂದಿನ ನಿಲ್ದಾಣಕ್ಕೆ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಹೆಂಡತಿಯ ತವರಿನಲ್ಲಿ ಬಂದು ನೆಲೆಸಿದ ಬೀಗ ರಿಪೇರಿಯವನು ನಾನು. ಹೆಮ್ಮೆಪಡಲು ನನಗೆ ಇಷ್ಟಾದರೂ ಇರಲಿ.

ಮನೆ ಒಂದೇ, ಉದ್ದನೆಯದು, ಹನ್ನೊಂದು ವರ್ಷದ ಹಿಂದೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದು. ಬಲಗಡೆ ದೊಡ್ಡ ಭಾವ, ಲೇತ್ ಕಾರ್ಖಾನೆಯ ಮೇಸ್ತ್ರಿ. ಕಬ್ಬಿಣವನ್ನು ಮೂಸಿ ನೋಡಿ ಅದರ ಹುಟ್ಟೂರು ಹೇಳುತ್ತೇನೆ ಎನ್ನುವವರು. ಎಡಗಡೆ ಚಿಕ್ಕ ಭಾವ, ದರ್ಜಿ. ಕುತ್ತಿಗೆಯಿಂದ ಟೇಪು ಇಳಿಸದೆ ಮಲಗುವವರು. ಅತ್ತೆ ಒಂದು ವಾರ ಇವರ ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು, ಒಂದು ವಾರ ಅವರ ಅಡುಗೆಮನೆಯಲ್ಲಿ, ಎರಡೂ ಕಡೆ ಉಪ್ಪು ಕಡಿಮೆ ಎನ್ನುತ್ತಿದ್ದರು. ಮನೆಯ ಹಿಂದೆ ಹಿತ್ತಲು. ಹಿತ್ತಲಿನ ನಟ್ಟನಡುವೆ ಮೊಣಕಾಲೆತ್ತರದ ಒಂದು ಕಬ್ಬಿಣದ ಗೂಟ.

ಮಾವ ತೀರಿಕೊಳ್ಳುವ ಮೂರು ದಿನ ಮೊದಲು ಕುರ್ಚಿಯಲ್ಲಿ ಕೂತು ಹಿತ್ತಲಿಗೆ ಹೊರಿಸಿಕೊಂಡು ಬಂದರಂತೆ. ಊರುಗೋಲಿನಿಂದ ಆ ಗೂಟ ತೋರಿಸಿ, "ಇದರಿಂದ ಬಲಕ್ಕೆ ದೊಡ್ಡವನದು, ಎಡಕ್ಕೆ ಚಿಕ್ಕವನದು. ಇದನ್ನ ಅಲ್ಲಾಡಿಸೋಕೆ ಯಾವ ಗಂಡಸಿನ ಕೈಲೂ ಆಗಲ್ಲ" ಎಂದರಂತೆ. ಕುರ್ಚಿಯ ಹಿಂಗಾಲು ಹಿಡಿದಿದ್ದವಳು ಅವರ ಮಗಳು, ಈಗ ನನ್ನ ಹೆಂಡತಿ. ಊರುಗೋಲು ಅವಳ ಕಡೆ ತಿರುಗಲಿಲ್ಲ.

ಅವಳಿಗೆ ಸಿಕ್ಕಿದ್ದು ಹಿತ್ತಲಿನ ತುದಿಯಲ್ಲಿ, ಹಿಂದಿನ ಓಣಿಗೆ ಅಂಟಿಕೊಂಡು, ತಗಡು ಹೊದಿಸಿದ ಒಂದು ಶೆಡ್. ಸಿಕ್ಕಿತು ಅನ್ನುವುದೂ ದೊಡ್ಡ ಮಾತು. ಅಣ್ಣಂದಿರಿಬ್ಬರೂ ಅವಳನ್ನು ಅಲ್ಲಿಂದ ಎಬ್ಬಿಸುವ ಖರ್ಚು ಇನ್ನೊಬ್ಬ ಹಾಕಲಿ ಎಂದು ಕಾಯುತ್ತಿದ್ದರು. ಆ ಶೆಡ್ಡಿನಲ್ಲಿ ನಾವಿಬ್ಬರು ಮಲಗುತ್ತಿದ್ದೆವು. ಅಲ್ಲೇ ಅವಳು ಎರಡು ಹಂಡೆ ಹೂಡಿ ಆಸ್ಪತ್ರೆಯ ಚಾದರಗಳನ್ನು ಕುದಿಸಿ ಒಗೆಯುತ್ತಿದ್ದಳು. ಅವಳು ಒಗೆದ ಚಾದರದ ಬಿಳುಪಿಗೆ ಹಗಲು ಹೊತ್ತು ರೋಗಿಗಳು ಕಣ್ಣುಮುಚ್ಚಿಕೊಂಡೇ ಇರಬೇಕಾಗುತ್ತಿತ್ತು. ಒಣಹಾಕುವ ಹಗ್ಗದ ಒಂದು ತುದಿ ಶೆಡ್ಡಿನ ಕಂಬಕ್ಕೆ, ಇನ್ನೊಂದು ತುದಿ ಆ ಗೂಟಕ್ಕೆ.

ಭಾವಂದಿರ ಪ್ರೀತಿಯೆಲ್ಲ ಗೂಟದ ಮೇಲೆ. ಚಿಕ್ಕವರು ಹೊಲಿಗೆ ಅಂಗಡಿಗೆ ಹೋದ ಕೂಡಲೇ ದೊಡ್ಡವರು ಕಾರ್ಖಾನೆಯ ಸುತ್ತಿಗೆ ತಂದು ಗೂಟವನ್ನು ಎಡಕ್ಕೆ ಬಗ್ಗಿಸಲು ಹೊಡೆಯುತ್ತಿದ್ದರು. ದೊಡ್ಡವರು ಕಾರ್ಖಾನೆಗೆ ಹೋದ ಕೂಡಲೇ ಚಿಕ್ಕವರು ಗುಂಡುಕಲ್ಲು ಎತ್ತಿ ಬಲಕ್ಕೆ ಬಗ್ಗಿಸಲು ಹೊಡೆಯುತ್ತಿದ್ದರು. ಮೂವತ್ತು ವರ್ಷದಲ್ಲಿ ಅದರ ಮೇಲೆ ಬಿದ್ದ ಏಟುಗಳಿಂದ ಈ ಊರಿನಿಂದ ಸಮುದ್ರದವರೆಗೆ ರೈಲು ಹಳಿ ತಟ್ಟಬಹುದಿತ್ತು. ಗೂಟ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

"ಅದು ಹಳೇ ಪಂಪಿನ ಪೈಪು. ಕೆಳಗೆ ಕಾಂಕ್ರೀಟ್ ಇದೆ" ಎನ್ನುತ್ತಿದ್ದರು ದೊಡ್ಡ ಭಾವ. "ಕಬ್ಬಿಣದ ವಿಷಯ ನನಗೆ ಹೇಳಬೇಡಿ."

ದೊಡ್ಡ ಭಾವನಿಗೆ ಹಿತ್ತಲಿನಲ್ಲಿ ಬಚ್ಚಲು ಕಟ್ಟಿಸಬೇಕಾಯಿತು. ಚಿಕ್ಕ ಭಾವ ಬಿಡಲಿಲ್ಲ. ಒಂದು ತಿಂಗಳು ಬೈದಾಡಿ, ಕೊನೆಗೆ ಸರ್ವೆಯವನನ್ನು ಕರೆಸಿದರು. ಅಣ್ಣ ಟೇಪಿನ ಒಂದು ತುದಿ ಹಿಡಿದರು, ತಮ್ಮ ಇನ್ನೊಂದು ತುದಿ. ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದ ಎಳೆತಕ್ಕೆ ಅಡಿಗಳೇ ಉದ್ದವಾದವು.

"ಎಳೀಬೇಡಿ ಸ್ವಾಮಿ, ಟೇಪು ಸರ್ಕಾರದ್ದು" ಎಂದ ಸರ್ವೆಯವನು. "ಈ ಗೂಟ ವಾಲಿದೆ. ಬುಡದಲ್ಲಿ ನೋಡಿ ಅಳತೆ ತಗೋಬೇಕು."

"ಅವನೇ ವಾಲಿಸಿದ್ದು" ಎಂದರು ಚಿಕ್ಕ ಭಾವ.

"ವಾಲಿಲ್ಲ. ನಿನ್ನ ತಲೆ ವಾಲಿದೆ."

ಸರ್ವೆಯವನು ಕರಣೆಯಿಂದ ಬುಡದ ಮಣ್ಣು ಕೆದಕಿದ. ಒಂದು ಗೇಣು ಇಳಿಯುವಷ್ಟರಲ್ಲಿ ತೆಳ್ಳನೆಯ ತಗಡು ಕಂಡಿತು. ಆಚೆ ಕಡೆ ಇನ್ನೊಂದು. ನಾಲ್ಕು ದಿಕ್ಕಿಗೆ ನಾಲ್ಕು, ಮೀನಿನ ಬಾಲದ ಹಾಗೆ. ಅದರ ಕೆಳಗೆ ಕೊಡದಂತೆ ಅಗಲವಾಗುತ್ತ ಹೋದ ಕಬ್ಬಿಣದ ಹೊಟ್ಟೆ.

"ಇದು ಬಾಂಬು" ಎಂದೆ. ಮೊದಲು ಹೇಳಿದವನು ನಾನೇ. ಆಮೇಲೆ ಪತ್ರಿಕೆಗಳಲ್ಲಿ ಯಾರು ಯಾರದೋ ಹೆಸರು ಬಂದವು, ಹೊಟ್ಟೆಕಿಚ್ಚಿನವರು.

ಸರ್ವೆಯವನು ಬಹಳ ಮೆಲ್ಲಗೆ ಕೇಳಿದ: "ಇದಕ್ಕೆ ಯಾರಾದರೂ ಹೊಡೆದಿದ್ದೀರಾ?"

ಅಣ್ಣ ತಮ್ಮನನ್ನು ತೋರಿಸಿದರು, ತಮ್ಮ ಅಣ್ಣನನ್ನು. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಿಜ ಹೇಳಿದ್ದು ಅದೇ ಮೊದಲು. ಸರ್ವೆಯವನು ಟೇಪು ಅಲ್ಲೇ ಬಿಟ್ಟು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಓಣಿ ದಾಟಿದ, ಮಾರುಕಟ್ಟೆ ದಾಟಿದ. ಇನ್ನೂ ಎಲ್ಲೋ ಹಾಗೇ ನಡೆಯುತ್ತಿದ್ದಾನೆ ಎನ್ನುತ್ತಾರೆ.

ಒಳಗಿನಿಂದ ಅತ್ತೆ ಕೂಗಿದರು: "ಅಳೆದದ್ದಾಯ್ತಾ? ಇವತ್ತು ನನಗೆ ಯಾರು ಬಡಿಸ್ತೀರಾ?"

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಏಳುನೂರು ಮನೆ ಖಾಲಿ ಮಾಡಿಸಿದರು. ಸರಿ, ಎಪ್ಪತ್ತು. ಎಲ್ಲರನ್ನೂ ಶಾಲೆಗೆ ತುಂಬಿದರು. ನಮ್ಮ ಸಂಸಾರಕ್ಕೆಲ್ಲ ಸೇರಿ ಸಿಕ್ಕಿದ್ದು ಒಂದೇ ಕೊಠಡಿ, ಎರಡನೇ ತರಗತಿಯದು. ಹನ್ನೊಂದು ವರ್ಷದಿಂದ ಒಬ್ಬರ ಒಲೆಯ ಹೊಗೆ ಇನ್ನೊಬ್ಬರ ಕಡೆ ಬಂದರೂ ಬಾಗಿಲು ಬಡಿಯುತ್ತಿದ್ದವರಿಗೆ ಈಗ ಒಂದೇ ಒಲೆ.

ಚಿಕ್ಕ ಭಾವ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ನೆಲದ ಮೇಲೆ ಗೆರೆ ಎಳೆದರು. ದೊಡ್ಡ ಭಾವ ಹೆಜ್ಜೆ ಹಾಕಿ ಅಳೆದು, ಗೆರೆ ಅರ್ಧ ಗೇಣು ತಮ್ಮ ಕಡೆ ಬಂದಿದೆ ಎಂದರು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಎಳೆದರು. ಅತ್ತೆಯ ಮಂಚ ಮಾತ್ರ ಎಲ್ಲೂ ಹಿಡಿಸದೆ ಗೆರೆಗೆ ಅಡ್ಡಲಾಗಿ ಬಿತ್ತು.

"ಅಮ್ಮನ ತಲೆ ಯಾರ ಕಡೆ ಇರುತ್ತೋ ಊಟ ಅವರದು" ಎಂದು ದೊಡ್ಡ ಭಾವನ ಹೆಂಡತಿ ತೀರ್ಪು ಕೊಟ್ಟರು.

"ಕಾಲು ಯಾರ ಕಡೆಯೋ ಅವರು ಒತ್ತಬೇಕಾ ಅಕ್ಕಾ?" ಎಂದರು ಚಿಕ್ಕ ಭಾವನ ಹೆಂಡತಿ.

"ನೀನು ಇಷ್ಟು ವರ್ಷ ಒತ್ತಿದ್ದು ನೋಡಿಲ್ವಾ ನಾನು. ಗಂಟಲು ಒತ್ತೋದೊಂದು ಬಾಕಿ."

ಅತ್ತೆ ಊಟದ ಹೊತ್ತಿಗೆ ಎರಡೂ ಕಡೆಯ ಪಾತ್ರೆಯ ವಾಸನೆ ಹಿಡಿದು, ಬೇಳೆ ಚೆನ್ನಾಗಿ ಬೆಂದ ಕಡೆಗೆ ದಿಂಬು ತಿರುಗಿಸಿಕೊಳ್ಳುತ್ತಿದ್ದರು.

ನನ್ನ ಹೆಂಡತಿಗೆ ಗೆರೆಯ ಎರಡೂ ಕಡೆ ಜಾಗ ಇರಲಿಲ್ಲ. ನಾವು ಬಾಗಿಲ ಹೊರಗೆ, ಚಪ್ಪಲಿ ಬಿಡುವಲ್ಲಿ. ಪೊಲೀಸರು ಬಂದಾಗ ಹಂಡೆಯಲ್ಲಿ ಅರವತ್ತು ಚಾದರ ಕುದಿಯುತ್ತಿದ್ದವು. ಎಲ್ಲರೂ ತಟ್ಟೆ ಬಟ್ಟೆ ಹೊತ್ತು ಓಡಿದರೆ ಇವಳು ಆ ಅರವತ್ತನ್ನೂ ಬಿಸಿಬಿಸಿಯಾಗಿ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದಿದ್ದಳು. ಬಾಂಬು ನೋಡಲು ಬಂದವರು ಆ ಹಬೆ ನೋಡಿ, ಸಿಡಿದೇ ಹೋಯಿತು ಎಂದುಕೊಂಡು ದಿಕ್ಕಾಪಾಲಾಗಿದ್ದರು. ಶಾಲೆಯ ನಲ್ಲಿಯಲ್ಲಿ ಜಾಲಿಸಿ, ಆಟದ ಬಯಲಿನ ತುಂಬ ಹರವಿದಳು.

"ಕುಡಿಯೋ ನೀರಿನಲ್ಲಿ ಊರಿನ ರೋಗ ತೊಳೀತಾಳೆ" ಎಂದರು ಅವಳ ದೊಡ್ಡತ್ತಿಗೆ, ಅವಳಿಗೆ ಕೇಳುವಂತೆ.

"ಶನಿವಾರದೊಳಗೆ ಕೊಡದೆ ಇದ್ರೆ ಕೆಲಸ ಬೇರೆಯವರಿಗೆ ಹೋಗುತ್ತೆ ಅತ್ತಿಗೆ. ಆಮೇಲೆ ನಿಮ್ಮ ಮನೆಗೇ ಬಂದು ಕೂರ್ತೀನಿ, ಆಗಬಹುದಾ?"

ದೊಡ್ಡತ್ತಿಗೆ ಬಿಂದಿಗೆ ಎತ್ತಿಕೊಂಡು ಹೋದರು.

ಬೀದಿಯವರು ಇನ್ನೂ ಕೆಟ್ಟವರಾದರು. ನಮ್ಮ ಬೀದಿಯ ಬೇಕರಿಯವನ ಒಲೆ ಆರಿ ಮೂರು ದಿನ ಆಗಿತ್ತು. ಅವನು ಒಂದು ಅರ್ಜಿ ಬರೆದು ಕೊಠಡಿಯಿಂದ ಕೊಠಡಿಗೆ ತಿರುಗಿ ಸಹಿ ಹಾಕಿಸತೊಡಗಿದ: ಮೂವತ್ತು ವರ್ಷ ಬಾಂಬಿಗೆ ಸುತ್ತಿಗೆಯಿಂದ ಹೊಡೆದ ಆ ಜಾಗದ ಮಾಲೀಕನನ್ನು ಜೈಲಿಗೆ ಹಾಕಬೇಕು.

"ಹೊಡೆಯುವಾಗ ಸದ್ದು ಕೇಳ್ತಿತ್ತಲ್ಲ, ಆಗ ಯಾಕೆ ಸುಮ್ಮನಿದ್ರಿ?" ಎಂದು ಕೇಳಿದೆ.

"ಹೆಂಡತಿಗೆ ಹೊಡೀತಿದಾರೆ ಅಂದ್ಕೊಂಡಿದ್ದೆ" ಎಂದ. "ಮನೆ ವಿಷಯಕ್ಕೆ ನಾವ್ಯಾಕೆ ಬರೋಣ."

ನಾಲ್ಕನೆಯ ದಿನ ಬಾಂಬ್ ದಳದ ಅಧಿಕಾರಿ ಬಂದರು. ಕನ್ನಡಕದ ಗಿಡ್ಡ ಹೆಂಗಸು. ದನಿ ಎಷ್ಟು ಮೆಲ್ಲಗೆಂದರೆ ಅವರು ಮಾತಾಡುವಾಗ ನೊಣ ಕೂಡ ರೆಕ್ಕೆ ಮಡಚಿ ಕೂತು ಕೇಳಬೇಕು. ಜೊತೆಗೆ ಬರೆಯುವವನೊಬ್ಬ. ಅವರು ಮೊದಲು ಹೋಗಿದ್ದು ಅತ್ತೆಯ ಮಂಚದ ಹತ್ತಿರಕ್ಕೆ.

"ಅಜ್ಜಿ, ಯುದ್ಧದ ಕಾಲದಲ್ಲಿ ಇಲ್ಲೇ ಇದ್ರಾ?"

"ಮದುವೆಯಾಗಿ ಬಂದು ಎಂಟು ದಿನ ಆಗಿತ್ತು. ಆಗ ಹಿತ್ತಲೆಲ್ಲ ಕೆಸರು ಗುಂಡಿ. ವಿಮಾನ ಬಂದು ನಾಲ್ಕು ಹಾಕಿತು, ನಾನೇ ಎಣಿಸಿದೆ. ಮೂರು ಸದ್ದು ಮಾಡಿದವು."

"ನಾಲ್ಕನೆಯದು?"

"ಎಲ್ಲಿ ಹೋಯ್ತು ಅಂತ ಮನೆಯಲ್ಲಿ ಕೇಳಿದೆ. ಹೊಸ ಸೊಸೆಗೆ ಎಣಿಸೋಕೆ ಬರಲ್ಲ ಅಂದ್ರು. ಆಮೇಲೆ ಮಣ್ಣು ತುಂಬಿಸಿದ್ರು."

ದೊಡ್ಡ ಭಾವ ತಲೆ ಚಚ್ಚಿಕೊಂಡರು. "ಅಮ್ಮಾ, ಇಷ್ಟು ವರ್ಷ ನಾವು ಅದಕ್ಕೆ ಹೊಡೀತಾ ಇದ್ವಿ. ಒಂದು ಮಾತು ಹೇಳಬಾರದಿತ್ತಾ?"

"ಗೂಟಕ್ಕೆ ಹೊಡೀತಿದ್ರಿ. ಗೂಟಾನೇ ಅದು ಅಂತ ನನಗೇನು ಗೊತ್ತು? ಕಬ್ಬಿಣದ ವಿಷಯ ನೀನಲ್ವಾ ತಿಳಿದವನು."

ಆಮೇಲೆ ಭಾವಂದಿರ ಹೇಳಿಕೆ. ಮೇಷ್ಟರ ಮೇಜಿನ ಮುಂದೆ ಪುಟ್ಟ ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಬಾಗಿಲಲ್ಲಿ ಬೇಕರಿಯವನು ಅರ್ಜಿ ಹಿಡಿದು ನಿಂತಿದ್ದ, ಮಾಲೀಕನ ಹೆಸರಿನ ಜಾಗ ಖಾಲಿ ಬಿಟ್ಟುಕೊಂಡು.

"ನಿಮ್ಮ ಜಾಗ ಎಲ್ಲಿಗೆ ಮುಗಿಯುತ್ತೆ?" ಎಂದು ಮೇಡಂ ದೊಡ್ಡ ಭಾವನನ್ನು ಕೇಳಿದರು.

"ಗೂಟದ..." ಎಂದವರು ಬಾಗಿಲ ಕಡೆ ನೋಡಿದರು. "ಗೂಟದ ಹತ್ತಿರಕ್ಕೂ ಬರಲ್ಲ ಮೇಡಂ. ನನ್ನದು ಅಡುಗೆಮನೆ ಗೋಡೆಗೆ ಮುಗೀತು."

"ಗೋಡೆಯಿಂದ ಗೂಟದವರೆಗೆ ಇಪ್ಪತ್ತು ಅಡಿ ಇದೆಯಲ್ಲ?"

"ಅದು ನನ್ನದಲ್ಲ."

ಅರ್ಧ ಇಂಚಿಗಾಗಿ ತಮ್ಮನ ಕೊರಳಪಟ್ಟಿ ಹಿಡಿದ ಮನುಷ್ಯ ಒಂದೇ ಉಸಿರಿಗೆ ಇಪ್ಪತ್ತು ಅಡಿ ಕೊಟ್ಟುಬಿಟ್ಟರು. ದಾನಶೂರರ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಇಂಥ ಕೈ ನೋಡಿರಲಿಲ್ಲ.

ಚಿಕ್ಕ ಭಾವ ಹಿಂದೆ ಬೀಳುವವರಲ್ಲ. "ನನ್ನದು ಹಿಂಬಾಗಿಲ ಮೆಟ್ಟಿಲಿಗೆ ಮೇಡಂ. ಮೆಟ್ಟಿಲೂ ಅಲ್ಲ, ಹೊಸ್ತಿಲಿಗೆ."

"ಹಿತ್ತಲಿನ ನಲ್ಲಿ?"

"ಅದು ಅಣ್ಣಂದು."

"ನಾನು ಯಾವತ್ತು ಮುಟ್ಟಿದೀನೋ ಅದನ್ನ?"

"ನಿಂಬೆ ಗಿಡ?"

"ಹಣ್ಣು ಅವನೇ ಕೀಳೋದು ಮೇಡಂ" ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಬರೆಯುವವನು ಎಲ್ಲವನ್ನೂ ಬರೆದ. ನಲ್ಲಿ ನನ್ನದಲ್ಲ, ನಿಂಬೆ ಗಿಡ ನನ್ನದಲ್ಲ, ಗೋಡೆಯಾಚೆ ನನಗೆ ಸಂಬಂಧವಿಲ್ಲ. ಓದಿ ಹೇಳಿದ. ಇಬ್ಬರೂ ಸಹಿ ಮಾಡಿದರು. ಏಳು ಪ್ರತಿ ಬೇಕಾಗಿತ್ತು. ದೊಡ್ಡ ಭಾವನ ಮಗಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಕೈಗೇ ಕೊಟ್ಟು ಕಳಿಸಿದರು.

ಮೇಡಂ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರು. ಬಾಂಬಿನ ಫ್ಯೂಸು ಪಕ್ಕೆಯಲ್ಲಿದೆ. ಮೇಲಿನಿಂದ ಎಳೆಯುವ ಹಾಗಿಲ್ಲ. ಪಕ್ಕದಿಂದ ಇಳಿಜಾರು ತೋಡಿಕೊಂಡು ಬಂದು, ಅಲ್ಲೇ ಫ್ಯೂಸು ತೆಗೆದು, ಹೊರಗೆ ಸಾಗಿಸಬೇಕು.

"ಮೇಡಂ, ನಾನು ಕೈ ಹಾಕಲಾ?" ಎಂದೆ. "ಈ ಊರಲ್ಲಿ ನಾನು ತೆಗೆಯದ ಬೀಗ ಇಲ್ಲ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನನ್ನ ನೈಪುಣ್ಯ ನೋಡಿ ಮಾತೇ ಹೊರಡಲಿಲ್ಲ ಎಂದು ಕಾಣುತ್ತದೆ. ಚಿತ್ರದ ಕಡೆಗೆ ತಿರುಗಿ ಮುಂದುವರಿಸಿದರು: "ಇಳಿಜಾರಿಗೆ ಮೂರು ದಾರಿ ಇದೆ. ಬಲಗಡೆ ಅಡುಗೆಮನೆ ಒಡೆದು ಬರಬಹುದು. ಎಡಗಡೆ ಅಡುಗೆಮನೆ ಒಡೆದು ಬರಬಹುದು. ಇಲ್ಲ, ಓಣಿ ಕಡೆಯಿಂದ ಆ ಶೆಡ್..."

"ಶೆಡ್" ಎಂದರು ದೊಡ್ಡ ಭಾವ.

"ಶೆಡ್" ಎಂದರು ಚಿಕ್ಕ ಭಾವ.

ಮೂವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಿದ್ದು. ಅವರ ಹೆಂಡತಿಯರು ಗೆರೆಯ ಆಚೆ ಈಚೆ ನಿಂತೇ ತಲೆಯಾಡಿಸಿದರು. ನನ್ನ ಹೆಂಡತಿ ಒದ್ದೆ ಕೈಯಲ್ಲೇ ಒಳಗೆ ಬಂದಳು.

"ಶೆಡ್ ಹೋದ್ರೆ ನಾನೆಲ್ಲಿಗೆ ಹೋಗ್ಲಿ ಅಣ್ಣಾ?"

"ಗಂಡ ಇದಾನಲ್ಲ."

"ಅವರ ಅಂಗಡಿ ಒಂದು ಪೆಟ್ಟಿಗೆ. ಸೈಕಲ್ ಕ್ಯಾರಿಯರ್ ಮೇಲೆ ಕೂರುತ್ತೆ. ಅದರೊಳಗೆ ಮಲಗಲಾ?"

ನನ್ನ ಅಂಗಡಿಯ ಬಗ್ಗೆ ಹೀಗೆ ಮಾತಾಡಿದ್ದು ನನಗೆ ನೋವಾಯಿತು. ಅದು ಸಣ್ಣ ಪೆಟ್ಟಿಗೆಯಲ್ಲ. ಎರಡು ಖಾನೆ ಇವೆ.

"ಆಮೇಲೆ ಹೊಸದು ಕಟ್ಟಿಸಿಕೊಡ್ತೀರಾ?" ಎಂದು ಕೇಳಿದಳು.

ಚಿಕ್ಕ ಭಾವ ನಕ್ಕರು. ಬುದ್ಧಿವಂತಿಕೆ ಹೊಳೆದಾಗ ಅವರ ಬಲ ಹುಬ್ಬು ಟೋಪಿಯೊಳಗೆ ಹೋಗುತ್ತದೆ. "ನಾವ್ಯಾಕಮ್ಮ ಕಟ್ಟಿಸಬೇಕು? ಆ ಜಾಗ ನಮ್ಮದಲ್ಲ ಅಂತ ಬರೆದುಕೊಟ್ಟಾಯ್ತಲ್ಲ."

"ಹಿತ್ತಲು ನಿಮ್ಮದಲ್ಲ."

"ಅಲ್ಲ."

"ನಿಮ್ಮದೂ ಅಲ್ವಾ ದೊಡ್ಡಣ್ಣ?"

"ಎಷ್ಟು ಸಲ ಹೇಳಬೇಕೇ? ಅಲ್ಲ ಅಂದ್ರೆ ಅಲ್ಲ."

ಅವಳು ಸುಮ್ಮನಾದಳು. ನಾನು ಹೆದರಿದೆ. ಅವಳು ಬೈಯುವಾಗ ಯಾರಿಗೂ ಅಪಾಯವಿಲ್ಲ.

ಆ ದಿನವೆಲ್ಲ ಚಾದರ ಮಡಿಸಿದಳು. ನಾನು ಎದುರು ತುದಿ ಹಿಡಿದೆ. ಸಂಜೆಗೆ ಅತ್ತೆ ಕೋಲೂರಿಕೊಂಡು ಬಯಲಿಗೆ ಬಂದರು. ನನ್ನನ್ನು ಕಟ್ಟಿಕೊಂಡ ಮೇಲೆ ಮಗಳ ಜೊತೆ ಅವರು ಮಾತಾಡಿದ್ದು ಕಡಿಮೆ. ಬೀಗ ತೆರೆಯುವವನನ್ನು ಮನೆಗೆ ಸೇರಿಸಿಕೊಳ್ಳುವುದು ಎಂದರೇನು ಎನ್ನುತ್ತಿದ್ದರು.

"ಸೋಪು ಸರಿಯಾಗಿ ಹೋಗಿಲ್ಲ" ಎಂದರು, ಚಾದರ ಮುಟ್ಟಿ.

"ಹೋಗಿದೆ."

"ನಿಮ್ಮಪ್ಪ ನಿನಗೆ ಏನೂ ತೋರಿಸಲಿಲ್ಲ."

"ನೀನೂ ಪಕ್ಕದಲ್ಲೇ ಇದ್ದೆ. ನೀನೂ ಹೇಳಲಿಲ್ಲ."

"ನನ್ನ ಯಾರು ಕೇಳಿದ್ರು?"

"ಕೇಳಿದ್ರೆ ಹೇಳ್ತಿದ್ಯಾ?"

ಅತ್ತೆ ಚಾದರದ ಅಂಚು ನೇರ ಮಾಡಿದರು. "ಇಲ್ಲ" ಎಂದರು. "ಆಗ ಗಂಡುಮಕ್ಕಳು ಅನ್ನ ಹಾಕ್ತಾರೆ ಅಂತಿದ್ದೆ." ಕೋಲು ತಿರುಗಿಸಿ ಹೊರಟರು.

ಮರುದಿನ ಮೇಡಂ ಒಪ್ಪಿಗೆ ಪತ್ರ ತಂದರು. "ಶೆಡ್ ಕೆಡವೋಕೆ, ಹಿತ್ತಲು ತೋಡೋಕೆ ಜಾಗದ ಮಾಲೀಕರ ಸಹಿ ಬೇಕು. ಇಲ್ಲಾಂದ್ರೆ ಮೇಲಿನಿಂದ ಆದೇಶ ತರಿಸಬೇಕು, ಇನ್ನೂ ಹತ್ತು ದಿನ. ಆದೇಶದಲ್ಲಿ ಯಾವ ಅಡುಗೆಮನೆ ಬರುತ್ತೋ ನಾನು ಹೇಳೋಕಾಗಲ್ಲ. ಯಾರು ಮಾಡ್ತೀರಿ?"

ದೊಡ್ಡ ಭಾವ ಛಾವಣಿಯ ತೊಲೆ ಎಣಿಸಿದರು. ಚಿಕ್ಕ ಭಾವ ಗೋಡೆಯ ಮೇಲಿನ ಮಗ್ಗಿ ಓದಿದರು. ಬಾಗಿಲಲ್ಲಿ ಬೇಕರಿಯವನು ಪೆನ್ನಿನ ಮುಚ್ಚಳ ತೆಗೆದ.

"ನಾನು ಮಾಡ್ತೀನಿ" ಎಂದಳು ನನ್ನ ಹೆಂಡತಿ.

"ನೀವು ಯಾರು? ಬಾಡಿಗೆಗೆ ಇರೋರಾ?"

"ಮಾಲೀಕಳು."

"ಅವಳು ಸುಮ್ಮನೆ..." ಎಂದು ದೊಡ್ಡ ಭಾವ ಏಳಹೋದರು.

"ಹಾಗಾದ್ರೆ ನೀವು ಮಾಡಿ" ಎಂದು ಮೇಡಂ ಕಾಗದವನ್ನು ಅವರ ಕಡೆ ಸರಿಸಿದರು.

ದೊಡ್ಡ ಭಾವ ಕಾಗದ ನೋಡಿದರು, ಬೇಕರಿಯವನ ಪೆನ್ನು ನೋಡಿದರು, ಕೂತರು. "ಅವಳೇ ಮಾಡ್ಲಿ."

"ಅಕ್ಕಪಕ್ಕದವರು ಸಾಕ್ಷಿ ಹಾಕಬೇಕು. ನೀವಿಬ್ಬರೂ."

ಅವರು ಸಾಕ್ಷಿ ಹಾಕಿದ ವೇಗಕ್ಕೆ ಕಾಗದದಿಂದ ಗಾಳಿ ಬೀಸಿತು. ಬೇಕರಿಯವನು ತನ್ನ ಅರ್ಜಿಯ ಖಾಲಿ ಜಾಗದಲ್ಲಿ ನನ್ನ ಹೆಂಡತಿಯ ಹೆಸರು ತುಂಬಿಕೊಂಡು ನೇರವಾಗಿ ಠಾಣೆಗೆ ಹೋದ.

"ನಿನಗೆ ತಲೆ ಕೆಟ್ಟಿದೆಯಾ?" ಎಂದೆ ಹೊರಗೆ ಬಂದ ಮೇಲೆ. ನನ್ನ ಕಾಲು ಎಷ್ಟು ನಡುಗುತ್ತಿತ್ತೆಂದರೆ ಶಾಲೆಯ ಗಂಟೆ ತಾನಾಗಿ ಬಡಿದುಕೊಂಡಿತು. "ಜೈಲಿಗೆ ಹಾಕಿದ್ರೆ?"

"ಹಾಕ್ಲಿ. ಅಲ್ಲೂ ಚಾದರ ಇರ್ತವೆ."

ಆದರೆ ಅವಳ ಕೈ ತಣ್ಣಗಿತ್ತು. ಇಡೀ ದಿನ ಬಿಸಿನೀರಿನಲ್ಲಿರುವ ಕೈ ಅದು.

ಶೆಡ್ ಕೆಡವುವ ಮೊದಲು ಒಂದು ಗಂಟೆ ಸಮಯ ಕೊಟ್ಟರು. ಹಂಡೆಗಳನ್ನು ನಾನೊಬ್ಬನೇ ಹೊತ್ತು ತಂದೆ, ಒಂದೊಂದೂ ಆನೆಯ ತೂಕ. ಅವಳು ಒಂದು ಕಡೆ ಹಿಡಿದಿದ್ದಳು ಅಷ್ಟೇ. ತಗಡು ಬೀಳುವ ಸದ್ದು ಶಾಲೆಯವರೆಗೂ ಕೇಳಿತು. ಅವಳು ತಿರುಗಿ ನೋಡದೆ ಚಾದರ ಎಣಿಸುತ್ತಿದ್ದಳು. ಮೂರು ಸಲ ಎಣಿಸಿದಳು, ಮೂರು ಸಲವೂ ತಪ್ಪಿತು. ಶನಿವಾರ ಆಸ್ಪತ್ರೆಗೆ ಮುಟ್ಟಿಸಿದಾಗ ಅಲ್ಲಿನ ಹಿರಿಯ ನರ್ಸು, "ಬಾಂಬ್ ಮನೆಯ ಬಟ್ಟೆ ಅಂತ ರೋಗಿಗಳು ಗೊಣಗ್ತಾರಮ್ಮ" ಎಂದು ಮುಂದಿನ ವಾರದಿಂದ ಅರ್ಧ ಚಾದರಗಳನ್ನು ಬೇರೆಯವರಿಗೆ ಕೊಟ್ಟರು.

ಬುಧವಾರ ನಡುಮಧ್ಯಾಹ್ನ ಅದನ್ನು ಹೊರಗೆ ತೆಗೆದರು. ಮರಳು ತುಂಬಿದ ಲಾರಿಯಲ್ಲಿ ಮಲಗಿಸಿಕೊಂಡು ಶಾಲೆಯ ಮುಂದೆಯೇ ಹೋದರು. ನನಗಿಂತ ಉದ್ದ. ಸರಿ, ನನ್ನ ಎದೆಯಷ್ಟು. ಮೈಯೆಲ್ಲ ತುಕ್ಕು, ಬಾಲದ ತುದಿ ಮಾತ್ರ ಬೆಳ್ಳಿಯ ಹಾ‌ಗೆ ಥಳಥಳ ಹೊಳೆಯುತ್ತಿತ್ತು, ಮೂವತ್ತು ವರ್ಷ ಇಬ್ಬರು ಸೇರಿ ಉಜ್ಜಿದ್ದು. ಮೇಡಂ ಲಾರಿ ನಿಲ್ಲಿಸಿ ಭಾವಂದಿರನ್ನು ಕರೆದರು.

"ಇದು ಯಾಕೆ ಸಿಡೀಲಿಲ್ಲ ಅಂತ ನನಗೆ ಗೊತ್ತಿಲ್ಲ" ಎಂದರು ಮೆಲ್ಲಗೆ. "ವರದಿಯಲ್ಲಿ ಬರೆಯೋಕೆ ಕಾಲಂ ಕೂಡ ಇಲ್ಲ."

ಬಾಂಬನ್ನು ದೂರದ ಕಲ್ಲುಗಣಿಯಲ್ಲಿ ಸಿಡಿಸಿದರು. ನಾವು ಮನೆಗೆ ಬಂದೆವು. ಭಾವಂದಿರಿಗೆ ಅವರವರ ಅಡುಗೆಮನೆ ಹಾಗೆಯೇ ಸಿಕ್ಕಿತು. ನಮಗೆ ಸಿಕ್ಕಿದ್ದು ಮುಚ್ಚಿದ ಗುಂಡಿ, ಮಡಚಿದ ತಗಡು. ಎರಡು ವಾರ ನಾವು ತಾಡಪಾಲಿನ ಕೆಳಗೆ ಮಲಗಿದೆವು. ಆ ಎರಡು ವಾರ ಭಾವಂದಿರು ಹಿಂಬಾಗಿಲು ತೆರೆಯಲಿಲ್ಲ. ಬೇಕರಿಯವನ ದೂರು ಇನ್ನೂ ಠಾಣೆಯಲ್ಲಿತ್ತು. ದೊಡ್ಡತ್ತಿಗೆ ಪಾತ್ರೆ ತೊಳೆದ ನೀರನ್ನು ಕೂಡ ಹಿತ್ತಲಿಗೆ ಚೆಲ್ಲದೆ ಮುಂದಿನ ಬೀದಿಗೆ ಹೊತ್ತುಕೊಂಡು ಹೋಗುತ್ತಿದ್ದರು, ಸಂಬಂಧ ಬಂದೀತೆಂದು.

ಹೆಂಡತಿಯನ್ನು ಠಾಣೆಗೆ ಎರಡು ಸಲ ಕರೆಸಿದರು. ಎರಡು ಸಲವೂ ಅವಳೊಬ್ಬಳೇ ಹೋದಳು. ಮೂರನೆಯ ಸಲ ಕರೆಯುವ ಮೊದಲು ಮೇಡಂ ಕಳಿಸಿದ ಕಾಗದ ಬಂತು: ಯುದ್ಧದ ವಸ್ತು ನೆಲದಲ್ಲಿ ಇದ್ದದ್ದಕ್ಕೆ ನೆಲದ ಮಾಲೀಕರು ಹೊಣೆಯಲ್ಲ. ದೂರು ಮುಚ್ಚಿದರು.

ಈ ಸುದ್ದಿ ಬಂದದ್ದು ಬೆಳಗ್ಗೆ ಹತ್ತಕ್ಕೆ. ಹತ್ತೂವರೆಗೆ ಎರಡೂ ಹಿಂಬಾಗಿಲು ತೆರೆದವು. ಬಲಗಡೆಯಿಂದ ದೊಡ್ಡ ಭಾವ ಕಬ್ಬಿಣದ ಕಂಬಗಳ ಹೊರೆ ಹೊತ್ತು ಬಂದರು, ಎಡಗಡೆಯಿಂದ ಚಿಕ್ಕ ಭಾವ ಟೇಪು ಬಿಚ್ಚುತ್ತ ಬಂದರು.

"ಗೂಟ ಇದ್ದದ್ದು ಇಲ್ಲಿ."

"ಇಲ್ಲಲ್ಲ, ಇಲ್ಲಿ. ನನ್ನ ಮೆಟ್ಟಿಲಿಂದ ಇಪ್ಪತ್ತೆರಡು ಅಡಿ. ನಾನು ದಿನಾ ಅಳೀತಿದ್ದೆ."

"ನಿನ್ನ ಟೇಪು ಹೆಂಗಸರ ಸೊಂಟ ಅಳೆಯೋದಕ್ಕೆ ಇಟ್ಕೋ."

ಇಬ್ಬರೂ ಜಗಳವಾಡುತ್ತ ನಡುಮಧ್ಯಕ್ಕೆ ಬಂದು ನಿಂತರು. ಅಲ್ಲಿ ನನ್ನ ಹೆಂಡತಿ ಮೂರು ಕಲ್ಲು ಹೂಡಿ ಹಂಡೆ ಏರಿಸಿದ್ದಳು. ಕೆಳಗೆ ಸೌದೆ, ಮೇಲೆ ನೀರು.

"ಇದನ್ನ ಪಕ್ಕಕ್ಕೆ ತೆಗಿ" ಎಂದರು ದೊಡ್ಡ ಭಾವ. "ಕಂಬ ಹಾಕಬೇಕು."

"ಯಾರ ಜಾಗದಲ್ಲಿ?"

"ಯಾರ ಜಾಗ ಅಂದ್ರೆ? ಅಪ್ಪ ತೋರಿಸಿದ್ದು."

ಅವಳು ಸೆರಗಿಗೆ ಕೈ ಒರೆಸಿಕೊಂಡು ತಾಡಪಾಲಿನ ಕೆಳಗಿಂದ ಕಾಗದಗಳನ್ನು ತಂದಳು. ಅಣ್ಣಂದಿರ ಹೇಳಿಕೆಯ ಎಂಟನೆಯ ಪ್ರತಿ. ದೊಡ್ಡ ಭಾವ ತಮ್ಮ ಸಹಿ ನೋಡಿದರು. ಕಬ್ಬಿಣ ಮೂಸುವಂತೆ ಕಾಗದವನ್ನೂ ಮೂಗಿನ ಹತ್ತಿರ ತಂದರು.

"ಇದು ನಿನಗೆ ಯಾರು ಕೊಟ್ಟಿದ್ದು?"

"ಏಳು ಪ್ರತಿ ಮೇಡಂಗೆ ಅಂತ ಕೊಟ್ಟಿದ್ರು ಅಪ್ಪಾ" ಎಂದಳು ಹಿಂಬಾಗಿಲಲ್ಲಿ ನಿಂತಿದ್ದ ಅವರ ಮಗಳು. "ಸೋದರತ್ತೆ ಇನ್ನೊಂದು ಬೇಕು ಅಂದ್ರು. ಮೆಷಿನ್ ಬಿಸಿಯಾಗೇ ಇತ್ತು."

"ಸ್ವಂತ ಅಪ್ಪನ ಮೇಲೆ?"

"ನಿನ್ನ ಜಾಗ ಅಲ್ಲ ಅಂತ ಅದರಲ್ಲಿ ನೀನೇ ಹೇಳಿದೀಯಲ್ಲಪ್ಪಾ. ನಂದೇನಿದೆ."

ಚಿಕ್ಕ ಭಾವ ದನಿ ಬದಲಿಸಿದರು. "ನೋಡಮ್ಮಾ, ನಿನಗೆ ಶೆಡ್ ಇದ್ದಷ್ಟು ಜಾಗ ಬೇಕು ತಾನೆ? ತಗೋ. ಬಿಡ್ತೀವಿ. ಅಲ್ವೇನಣ್ಣಾ?"

"ನೀವು ಬಿಡೋದು ಆಗಲೇ ಆಗಿದೆ" ಎಂದಳು. "ಮನೆಯೊಳಗಿನದು ನಿಮ್ಮದೇ. ಅಲ್ಲಿಗೆ ನಾನು ಬರಲ್ಲ."

"ಕೋರ್ಟಿಗೆ ಹೋಗ್ತೀನಿ."

"ಹೋಗಣ್ಣ. ಅಲ್ಲಿ ಇದನ್ನ ಜೋರಾಗಿ ಓದ್ತಾರೆ. ಬೇಕರಿಯವನನ್ನೂ ಕರೀತೀನಿ, ಕೇಳಿಸಿಕೊಳ್ಳಲಿ."

ದೊಡ್ಡ ಭಾವ ಕಂಬಗಳ ಹೊರೆಯನ್ನು ನೆಲಕ್ಕೆ ಎಸೆದರು. ಆ ಸದ್ದಿಗೆ ಬೀದಿಯ ಎಪ್ಪತ್ತು ಮನೆಯವರೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು.

"ಹಾಗಾದ್ರೆ ನಿನ್ನದು ಎಲ್ಲಿಂದ ಎಲ್ಲಿಗೇ? ಬಾಯಿ ಬಿಟ್ಟು ಹೇಳು, ಊರೆಲ್ಲ ಕೇಳಲಿ."

ಅವಳು ಬಗ್ಗಿ ಸೌದೆಗೆ ಬೆಂಕಿ ಹಚ್ಚಿದಳು. ಹೊತ್ತಿಕೊಳ್ಳುವವರೆಗೂ ಊದಿದಳು.

"ನೀನು ಹೆದರಿ ನಿಂತ ಕಡೆಯಿಂದ" ಎಂದಳು, "ಇವನು ಹೆದರಿ ನಿಂತ ಕಡೆಯವರೆಗೆ."

ಭಾವಂದಿರು ಅವಳನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ದೊಡ್ಡ ಭಾವ ತಮ್ಮನ ತೋಳು ಹಿಡಿದು, "ಒಳಗೆ ಬಾರೋ, ಮಾತಾಡಬೇಕು" ಎಂದರು. ಹನ್ನೊಂದು ವರ್ಷದ ಮೇಲೆ ಚಿಕ್ಕ ಭಾವ ಬಲಗಡೆಯ ಬಾಗಿಲು ದಾಟಿದರು. ಸ್ವಲ್ಪ ಹೊತ್ತಿಗೆ ಆ ಅಡುಗೆಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ಇಬ್ಬರೂ ಸೇರಿ ನನ್ನ ಹೆಂಡತಿಯನ್ನು ಬೈಯುವ ಸದ್ದೂ ಬಂತು, ಒಂದೇ ಗಂಟಲಿನಿಂದ ಬಂದ ಹಾಗೆ.

"ಊಟ ಮುಗಿಸಿ ಇಬ್ಬರೂ ಒಟ್ಟಿಗೆ ಬರ್ತಾರೆ" ಎಂದೆ.

"ಬರ್ಲಿ" ಎಂದಳು. "ಅಷ್ಟರಲ್ಲಿ ನೀರು ಕುದಿಯುತ್ತೆ. ಕೋಲು ಹಿಡ್ಕೊಳ್ಳಿ, ಮೂವತ್ತೇ ಚಾದರ."